ಏಳನೆಯ ಸೀಳು

ಕೊಲ್ಲಿಯ ದಂಡೆಯ ನೆವಾರ್ಕಿನಲ್ಲಿ ಉಪ್ಪಿನ ಕೊಯ್ಲು ಶುರುವಾಗಿತ್ತು. ಬೇಸಿಗೆಯಿಡೀ ಬಿಸಿಲು ಕುಡಿದು ಗಟ್ಟಿಯಾದ ಪಾತಿಗಳನ್ನು ಯಂತ್ರಗಳು ಬೆಳಗಿನಿಂದ ಕೆರೆಯುತ್ತಿದ್ದವು. ಕೆರೆದದ್ದನ್ನು ಲಾರಿಗಳು ಹೊತ್ತು ತಂದು ಗುಡ್ಡೆ ಹಾಕುತ್ತಿದ್ದವು. ಸೆಪ್ಟೆಂಬರು ಮುಗಿಯುತ್ತ ಬಂದರೂ ಬಿಸಿಲಿನ ಚುರುಕು ಇಳಿದಿರಲಿಲ್ಲ. ಪೂರ್ವದ ಬೋಳು ಗುಡ್ಡಗಳು ರಾಗಿ ಕೊಯ್ದ ಹೊಲದ ಕೂಳೆಯ ಬಣ್ಣಕ್ಕೆ ತಿರುಗಿದ್ದವು. ಮಳೆ ಬೀಳುವವರೆಗೆ ಅವು ಹಾಗೆಯೇ.

ಉಪ್ಪಿನ ಗುಡ್ಡೆಗಳಿಗೆ ಬೆನ್ನು ಹಾಕಿ ನಿಂತ ಉದ್ದನೆಯ ಶೆಡ್ಡಿನಲ್ಲಿ ಸಲೀಮನ ವರ್ಕ್‌ಶಾಪಿನ ಕೆಲಸವೂ ಆಗಲೇ ನಡೆದಿತ್ತು. ಮೂರು ಮಷೀನುಗಳು ಚಿಪ್ ಕಾರ್ಖಾನೆಗಳಿಗೆ ಬಿಡಿಭಾಗ ಕೊರೆಯುತ್ತಿದ್ದವು. ಕೊರೆಯುವಾಗಿನ ಬಿಸಿ ತಣಿಸುವ, ಹಾಲಿನಂತೆ ಬೆಳ್ಳಗಿನ ಕೂಲಂಟು ಅಲ್ಯೂಮಿನಿಯಂ ಮೇಲೆ ಸುರಿದು ಕೆಳಗಿನ ತೊಟ್ಟಿಗೆ ಹರಿಯುತ್ತಿತ್ತು. ನಡುವಿನ ಮಷೀನಿನ ಮುಂದೆ ನಿಂತಿದ್ದ ಆಪರೇಟರ್ ಸೊಹೈಲ್ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿ, ಮತ್ತೆ ತನ್ನ ಕೆಲಸಕ್ಕೆ ತಿರುಗಿಕೊಂಡ.

ಆ ಕೋಣೆಯಲ್ಲಿ ವೇದವತಿ ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಕೂತಿದ್ದಳು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ, ಊಟದ ತಟ್ಟೆಯಷ್ಟು ಅಗಲದ ಚೌಕ ತಗಡು. ನಿನ್ನೆ ಸಂಜೆ ಬೆಟ್ಟದ ಮೇಲಿನ ವೇಧಶಾಲೆಯ ಉಗ್ರಾಣದಿಂದ ಕೇಳಿ ತಂದದ್ದು. ಇನ್ನೊಂದು ವಾರ ಬಿಟ್ಟಿದ್ದರೆ ಗುಜರಿಗೆ ಹೋಗುತ್ತಿತ್ತು.

ಸೋಮವಾರ ವೇಧಶಾಲೆಯ ವಿಚಾರಣಾ ಸಮಿತಿ ಕೂರುತ್ತದೆ. ಈ ತಗಡಿನ ಏಳನೆಯ ಸೀಳು ತನ್ನದಲ್ಲವೆಂದು ತೋರಿಸಲಾಗದಿದ್ದರೆ, ಅಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಗಾರ್ಗಿಯ ಕೆಲಸ ಹೋಗುತ್ತದೆ. ಕೆಲಸದ ಬೆನ್ನಿಗೆ ವೀಸಾ, ವೀಸಾದ ಬೆನ್ನಿಗೆ ಹೆಸರು.

"ಅಕ್ಕಾರ, ಚಾ ತಗೋರಿ," ಎಂದು ಅಮೀನಾ ಲೋಟ ಇಟ್ಟಳು. ಸಲೀಮನ ಹೆಂಡತಿ, ಶೆಡ್ಡಿನ ಫೋನು, ಬಿಲ್ಲು, ಬಯ್ಗುಳ ಎಲ್ಲ ಅವಳ ಕೈಯಲ್ಲೇ. "ಇವ್ರು ಬರೂತನಾ ಕಾದ್ರ ಚಾ ಆರಿ ಹೋಗ್ತೈತಿ. ಮುಂಜಾನೆಯಿಂದ ಕಿವಿ ಕೇಳೂದಿಲ್ಲದವರಗತೆ ತಿರಗಾಕತ್ತಾರ."

"ಯಾಕೆ, ಏನಾಯ್ತು?"

"ಅವರನ್ನs ಕೇಳ್ರಿ." ಅವಳ ಮುಖ ಗಂಟಿಕ್ಕಿತ್ತು.

ವೇದವತಿ ಕೇಳಲಿಲ್ಲ. ಜನ ಹೇಳಬೇಕೆಂದಿರುವುದನ್ನು ತಾವಾಗಿಯೇ ಹೇಳಲು ಬಿಡುವುದು ಅವಳ ಅಭ್ಯಾಸ. ಸನ್ನಿವೇಲಿನ ಒಂದು ಸಣ್ಣ ಆಫೀಸಿನಲ್ಲಿ ಅವಳಿಗೆ ಬೇರೆಯವರ ಬಯೋಡೇಟಾ ಪರೀಕ್ಷಿಸುವ ಕೆಲಸ. ದಿನಕ್ಕೊಂದು ಕಂಪನಿ ಹುಟ್ಟುವ ಈ ಕಾಲದಲ್ಲಿ ಯಾರು ಎಲ್ಲಿ ಓದಿದರು, ಯಾವ ಕೆಲಸ ಮಾಡಿದರು ಎಂದು ವಿಚಾರಿಸುವ ಪುರಸೊತ್ತು ಯಾರಿಗೂ ಇರಲಿಲ್ಲ. ಅದನ್ನು ವೇದವತಿ ವಿಚಾರಿಸುತ್ತಿದ್ದಳು. ಗಾರ್ಗಿ ಅವಳ ಪಕ್ಕದ ಅಪಾರ್ಟ್‌ಮೆಂಟಿನವಳು, ಮೈಸೂರಿನವಳು, ಗೆಲಾಕ್ಸಿಗಳನ್ನು ಅಳೆಯುವವಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಅತ್ತುಕೊಂಡು ನಿಂತಿದ್ದವಳನ್ನು ಏನೆಂದು ಕೇಳಿದ್ದೇ ಈ ಹುಡುಕಾಟಕ್ಕೆ ನಾಂದಿಯಾಗಿತ್ತು.

ಆವತ್ತು ಗಾರ್ಗಿ ಹೇಳಿದ್ದನ್ನು ವೇದವತಿ ತನಗೆ ತಿಳಿಯುವ ಹಾಗೆ ಮಾಡಿಕೊಂಡಿದ್ದಳು. ಸ್ಯಾನ್ ರಮೋನಿಗೆ ಹೋಗುವ ಫ್ರೀವೇಯಿಂದ ನೋಡಿದರೆ ಗುಡ್ಡದ ಮೇಲೆ ಆರು ದನ ಒಂದು ಕಡೆ ಮೇಯುತ್ತಿರುತ್ತವೆ. ಬೇಲಿ ಕಾಣುವುದಿಲ್ಲ. ಆದರೆ ದನ ಎಷ್ಟು ಜೋರಾಗಿ ಓಡಾಡಿಯೂ ಅಲ್ಲೇ ಉಳಿದಿವೆ ಎಂಬುದನ್ನು ನೋಡಿದರೆ ಬೇಲಿ ಎಷ್ಟು ಗಟ್ಟಿ ಎಂದು ಹೇಳಬಹುದು. ಗೆಲಾಕ್ಸಿಗಳ ಸಣ್ಣ ಗುಂಪೂ ಹಾಗೆಯೇ. ಐದೋ ಆರೋ ಗೆಲಾಕ್ಸಿ. ಅವುಗಳ ಸುತ್ತ ಕಣ್ಣಿಗೆ ಬೀಳದ ಕಪ್ಪು ದ್ರವ್ಯದ ದೊಡ್ಡ ಪ್ರಭಾವಳಿ. ಗೆಲಾಕ್ಸಿಗಳ ವೇಗ ಅಳೆದು ಆ ಪ್ರಭಾವಳಿಯ ತೂಕ ಹೇಳುತ್ತಾರೆ.

"ಸಾವಿರ ಗೆಲಾಕ್ಸಿ ಇರೋ ಗುಂಪಲ್ಲಿ ಒಂದು ಹೊರಗಿಂದು ಸೇರ್ಕೊಂಡ್ರೆ ಏನೂ ಆಗಲ್ಲ ಕಣೇ," ಎಂದಿದ್ದಳು ಗಾರ್ಗಿ. "ಆರಿರೋ ಕಡೆ ಒಂದು ಸೇರಿದ್ರೆ ಲೆಕ್ಕಾನೇ ಕೆಡುತ್ತೆ. ನನ್ನ ಗುಂಪಿನ ತೂಕ ನಾಲ್ಕು ಪಟ್ಟು ಏರಿಬಿಡ್ತು."

ಗುಡ್ಡದಾಚೆಯ ಬೇರೆ ತೋಟದ ದನ. ರಸ್ತೆಯಿಂದ ನೋಡುವವರಿಗೆ ಅದೂ ಇಲ್ಲೇ ಮೇಯುತ್ತಿರುವಂತೆ ಕಾಣುತ್ತದೆ. ಆ ಏಳನೆಯದನ್ನು ಗುಂಪಿಗೆ ಸೇರಿಸಿದವರು ಯಾರು ಎಂಬುದೇ ಪ್ರಶ್ನೆ.

ದುರ್ಬೀನಿನೊಳಗೆ ಕೂರಿಸುವ ತಗಡಿನಲ್ಲಿ ಪ್ರತಿ ಗೆಲಾಕ್ಸಿಗೂ ಒಂದೊಂದು ಸಣ್ಣ ಸೀಳು ಕೊರೆಯುತ್ತಾರೆ. ಅದರ ಬೆಳಕು ಆ ಸೀಳಿನಿಂದಲೇ ಇಳಿಯಬೇಕು. ಯಾವ ಗೆಲಾಕ್ಸಿ ಅಳೆಯಬೇಕೆಂದು ಮೊದಲೇ ಗೊತ್ತು ಮಾಡಿ, ಆಮೇಲೆ ಅಳೆಯುವುದು ನಿಯಮ. ಗಾರ್ಗಿ ಕೊಟ್ಟದ್ದು ಆರು ಎನ್ನುತ್ತಾಳೆ. ಈಗ ಕಂಪ್ಯೂಟರಿನ ಫೈಲಿನಲ್ಲಿ ಏಳಿದೆ. ಬೇಕೆಂದೇ ಜೋರಾಗಿ ಓಡುವ ಒಂದನ್ನು ಆರಿಸಿ ತುರುಕಿದ್ದಾಳೆ ಎಂಬುದು ದೂರು.

ಸಲೀಮ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಐವತ್ತರ ಅಂಚಿನ ಮನುಷ್ಯ, ಗದಗಿನ ಕಡೆಯವನು. ಕನ್ನಡಕ ಹಣೆಗೆ ಏರಿತ್ತು.

"ಕುಂದರ್ರಿ, ಕುಂದರ್ರಿ. ಗಂಟು ಹಿಡಕೊಂಡು ಬಂದೀರಂದ್ರ ಒಳಗ ರೊಟ್ಟಿ ಅಂತೂ ಇರೂದಿಲ್ಲ."

"ರೊಟ್ಟಿ ತಂದಿದ್ರೆ ನಿಮ್ಮ ಮನೆಯವರು ಒಳಗೇ ಬಿಡ್ತಿರಲಿಲ್ಲ."

"ಅದು ಖರೆ," ಎಂದು ಸಲೀಮ್ ನಕ್ಕ. ಅಮೀನಾ ನಗಲಿಲ್ಲ.

ವೇದವತಿ ಬಟ್ಟೆ ಬಿಚ್ಚತೊಡಗಿದಳು. ಕೊನೆಯ ಮಡಿಕೆ ಬಿಡಿಸುವಾಗ ಅದು ತಗಡಿಗೆ ಕಚ್ಚಿಕೊಂಡಿತು. ಎಳೆದರೆ ಹರಿಯುತ್ತದೆಂದು ನಿಧಾನವಾಗಿ ಬಿಡಿಸಿದಳು. ಒಂದು ಸೀಳಿನ ಅಂಚಿಗೆ ಸೀರೆಯ ದಾರವೊಂದು ಸಿಕ್ಕಿಕೊಂಡಿತ್ತು. ಅದನ್ನು ನೋಡಿಟ್ಟುಕೊಂಡಳು. ತಗಡನ್ನು ಮೇಜಿನ ಮೇಲೆ ಇಟ್ಟಳು.

"ಇದು ನಿಮ್ಮದೇ ಅಲ್ವಾ, ಸಲೀಮಣ್ಣ?"

ಅವನು ಮುಟ್ಟಲಿಲ್ಲ. "ನಮ್ಮದರಿ. ಏಪ್ರಿಲ್‌ದಾಗ ಕೊಟ್ಟದ್ದು."

"ಇದರಲ್ಲಿ ಏಳು ಸೀಳಿದೆ."

"ಐತಿ. ಏಳನೇದ್ದು ನಮ್ಮ ತಪ್ಪರಿ."

ವೇದವತಿ ಲೋಟವನ್ನು ಕೆಳಗಿಟ್ಟಳು. ಹೋದ ವಾರ ಇದೇ ಕುರ್ಚಿಯಲ್ಲಿ ಕೂತು ಇದೇ ಮಾತು ಕೇಳಿದಾಗ, ಫೈಲಿನಾಗ ಬಂದದ್ದು ಕೊರದೀವಿ, ಬ್ಯಾರೇದ್ದು ನೆನಪಿಲ್ಲ ಎಂದಿದ್ದ.

"ಹೋದ ವಾರ ಹೀಗೆ ಹೇಳಲಿಲ್ವಲ್ಲ."

"ಹೋದ ವಾರ ನೆನಪಿರಲಿಲ್ರಿ. ಈಗ ಆತು."

"ಹೇಗೆ ನೆನಪಾಯ್ತು?"

"ವಯಸ್ಸಾತ್ರಿ. ಒಮ್ಮೆ ಹೋಗ್ತೈತಿ, ಒಮ್ಮೆ ಬರ್ತೈತಿ." ಕನ್ನಡಕ ಇಳಿಸಿ ಒರೆಸತೊಡಗಿದ. "ಆವತ್ತು ಎರಡು ತಗಡು ಕೂಡೇ ಮಾಡಿದ್ವಿ. ಬ್ಯಾರೇದರ ಸೀಳು ಒಂದು ಇದಕ್ಕ ಬಂದುಬಿಟ್ಟೈತಿ. ಆಪರೇಟರ್ ತಪ್ಪಲ್ಲ. ನನ್ನ ಕೈಲೆ ಆದದ್ದು."

"ಆಕಾಶ ಎಷ್ಟು ಖಾಲಿ ಅಂತ ಗಾರ್ಗಿ ಹೇಳ್ತಿರ್ತಾಳೆ. ಈ ತಗಡಿನಷ್ಟು ಜಾಗದಲ್ಲಿ ಕಣ್ಣು ಮುಚ್ಚಿ ಒಂದು ತೂತು ಕೊರೆದ್ರೆ ಅದರ ಹಿಂದೆ ಕತ್ತಲೇ ಇರೋದು ಜಾಸ್ತಿ. ನಿಮ್ಮ ಕೈ ತಪ್ಪಿ ಬಿದ್ದ ಸೀಳು ಹೋಗಿ ಸರಿಯಾಗಿ ಒಂದು ಗೆಲಾಕ್ಸಿ ಮೇಲೆ ಕೂತ್ಕೊಂತಾ?"

"ಅಲ್ಲಾನ ಇಚ್ಛಾ."

"ಆ ಗೆಲಾಕ್ಸಿ ವಾಲಿಕೊಂಡಿದೆಯಂತೆ. ಸೀಳೂ ಅಷ್ಟೇ ವಾಲಿದೆ. ಅದೂ ಅವನ ಇಚ್ಛೆಯೇನಾ?"

ಸಲೀಮ್ ಕನ್ನಡಕ ಒರೆಸುತ್ತಲೇ ಇದ್ದ. ಹೊರಗೆ ಮಷೀನೊಂದು ನಿಂತು, ಮತ್ತೆ ಶುರುವಾಯಿತು.

ಇವನು ಯಾರನ್ನೋ ಕಾಪಾಡುತ್ತಿದ್ದಾನೆ. ಯಾರನ್ನು? ಗಾಜಿನಾಚೆ ಸೊಹೈಲ್ ಬೇಕೆಂದೇ ಈ ಕಡೆ ಬೆನ್ನು ಮಾಡಿ ನಿಂತಂತಿತ್ತು. ಅವನೊಬ್ಬ. ಇನ್ನೊಬ್ಬ ಅರವಿಂದ.

ಅರವಿಂದ ಗಾರ್ಗಿಯ ಮೇಲಿನವನು. ಈ ಗೆಲಾಕ್ಸಿ ಗುಂಪಿನ ಬಗ್ಗೆ ಬರೆದ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದೆ. ಆದರೆ ಬೇಸಿಗೆಯಿಂದ ಅವನ ಅರ್ಧ ದಿನ ಸನ್ನಿವೇಲಿನ ಒಂದು ಹೊಸ ಕಂಪನಿಯಲ್ಲಿ. ಚದುರಿದ ಗೆಲಾಕ್ಸಿಗಳಲ್ಲಿ ಯಾವುವು ಒಂದೇ ಗುಂಪಿನವು ಎಂದು ಹುಡುಕಲು ಬರೆದ ಪ್ರೋಗ್ರಾಮನ್ನೇ ಅಲ್ಲಿ ಗಿರಾಕಿಗಳನ್ನು ಗುಂಪು ಮಾಡಲು ಮಾರುತ್ತಿದ್ದರು. ಸಣ್ಣ ಗುಂಪಿನ ಸುತ್ತ ಯಾರೂ ಕಾಣದಷ್ಟು ಭಾರದ ಪ್ರಭಾವಳಿ ಕಂಡುಹಿಡಿದವರು ನಾವು ಎಂಬ ಮಾತು ಆ ಕಂಪನಿಯ ವೆಬ್‌ಸೈಟಿನ ಮೊದಲ ಪುಟದಲ್ಲೇ ಇತ್ತು. ಹೂಡಿಕೆದಾರರಿಗೆ ತೋರಿಸುತ್ತಿದ್ದದ್ದೂ ಅದನ್ನೇ. ಬುಧವಾರ ವೇದವತಿ ಹೋಗಿ ಕಂಡಾಗ ಅವನು ಬಹಳ ಮರ್ಯಾದೆಯಿಂದ ಕಾಫಿ ಕೊಡಿಸಿ, "ನಾನು ಸ್ಕ್ರೀನು ಬಿಟ್ಟು ಏಳೋನಲ್ಲ. ಆ ವರ್ಕ್‌ಶಾಪು ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ. ಪಾಪ, ಗಾರ್ಗಿ ಆತುರ ಬಿದ್ಲು," ಎಂದಿದ್ದ.

ಆ ಪಾಪ ಎಂಬ ಮಾತು ವೇದವತಿಗೆ ಹಿಡಿಸಿರಲಿಲ್ಲ.

"ಸಲೀಮಣ್ಣ, ಆ ಮೂಲೆ ಮಷೀನು ಹೊಸದಲ್ವಾ? ಯಾವಾಗ ಬಂತು?"

"ಮೇ ತಿಂಗಳದಾಗ."

"ತಗಡು ಕೊಟ್ಟ ಮರು ತಿಂಗಳು. ಯಾರು ಕೊಡಿಸಿದ್ರು?"

ಸಲೀಮನ ಕೈ ನಿಂತಿತು. ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದ.

"ಇದು ಛೊಲೋ ಆಗಲಿಲ್ರಿ ಅಕ್ಕಾರ. ಚಾ ಕುಡದು ಕಪಾಳಕ್ಕ ಹೊಡದಂಗ ಆತು."

"ಹೊಡೀಲಿಲ್ಲ. ಕೇಳಿದೆ."

"ಬ್ಯಾಂಕಿನವರು ಕೊಡಿಸ್ಯಾರ. ತಿಂಗಳಾ ತಿಂಗಳಾ ನಾನs ತೀರಸಾಕತ್ತೀನಿ. ನಾ ಮಾರಿಕೊಂಡೀನಿ ಅಂತ ತಿಳದೀರೇನು?"

"ಅರವಿಂದ್ ಬಂದಿದ್ರಾ ಇಲ್ಲಿಗೆ?"

"ಯಾವ ಅರವಿಂದ? ನಾ ಆ ಮನಿಶ್ಯಾನ ಮುಖಾ ನೋಡಿಲ್ಲ."

"ಮತ್ತೆ ಯಾರನ್ನ ಕಾಪಾಡ್ತಿದೀರ?"

"ಯಾರನ್ನೂ ಇಲ್ಲ ಅಂತ ಹೇಳಿದ್ನೆಲ್ರಿ. ನನ್ನ ತಪ್ಪು. ಮುಗೀತು."

"ಮುಗೀತು," ಎಂದು ಅಮೀನಾ ಬಾಗಿಲ ಬಳಿಯಿಂದಲೇ ಹೇಳಿದಳು. "ಹೌದು, ಮುಗೀತು. ಇವ್ರು ಮುಂಜಾನೆ ಆ ಬೆಟ್ಟದ ಮ್ಯಾಲಿನವರಿಗೆ ಫೋನ್ ಹಚ್ಚಿ ಇದs ಪುರಾಣ ಹೇಳ್ಯಾರ್ರೀ. ನಮ್ಮ ಕೈ ತಪ್ಪೈತಿ, ಆ ಗಾರ್ಗಿ ಬಾಯಾರದು ಏನೂ ಇಲ್ಲ ಅಂತ. ಆ ಕಡೆಯವ್ರು ಏನಂದ್ರು ಕೇಳ್ರಿ."

"ಅಮೀನಾ."

"ಇನ್ನ ಮುಂದ ನಿಮ್ಮ ಕಡೆ ಮಾಡಸೂದಿಲ್ಲ ಅಂದ್ರು. ಅಷ್ಟs ಆದ್ರ ಸಹಿ. ಕೊರದ ಕೆಲಸದಾಗ ಯಾರದೋ ಸೀಳು ಯಾರದೋ ತಗಡಿಗೆ ಹಾಕ್ತಾರ ಅಂತ ಸುದ್ದಿ ಆದ್ರ ಚಿಪ್ಪಿನ ಮಂದಿ ನಮ್ಮ ಬಾಗಲಾ ತುಳೀತಾರೇನು? ಹನ್ನೆರಡು ವರ್ಷ ಈ ಎಣ್ಣಿಯಾಗ ಬಿದ್ದು ಮಾಡಿದ ಹೆಸರು. ಒಂದು ಫೋನಿನಾಗ ಹೋತು." ಅವಳು ಖಾಲಿ ಲೋಟ ಎತ್ತಿಕೊಂಡಳು. "ದಾನಶೂರ ಅಂತ ಬೋರ್ಡ್ ಬರಸೂಣು. ಸೊಹೈಲ್‌ಗೆ ಹೇಳ್ತೀನಿ, ಕೊರೀತಾನ."

ವೇದವತಿಗೆ ಅಲ್ಲಿಯವರೆಗೆ ಕಟ್ಟಿಕೊಂಡಿದ್ದ ಅನುಮಾನ ಒಮ್ಮೆಗೇ ಸಡಿಲವಾಯಿತು. ಮಾರಿಕೊಂಡವನು ತನ್ನ ಅಂಗಡಿಗೆ ತಾನೇ ಬೆಂಕಿ ಇಡುವುದಿಲ್ಲ. ಆದರೆ ಸುಳ್ಳು ಸುಳ್ಳೇ. ಒಳ್ಳೆಯ ಸುಳ್ಳನ್ನೂ ಅವಳು ನಂಬಿ ಬಿಟ್ಟವಳಲ್ಲ.

ಸೀರೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡಳು. ತಗಡನ್ನು ಸಲೀಮನ ಕಡೆ ಸರಿಸಿ, ಬಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಎಳೆದಳು. ಮೊದಲನೆಯ ಸೀಳಿನ ಮೇಲೆ ಜಾರಿತು. ಎರಡನೆಯದರ ಮೇಲೆಯೂ. ಆರರ ಮೇಲೂ ಜಾರಿತು. ಏಳನೆಯದರ ಅಂಚಿಗೆ ಬಂದಾಗ ಕಚ್ಚಿಕೊಂಡಿತು.

"ಇದೇನು ಸಲೀಮಣ್ಣ?"

ಅವನು ನೋಡದವನಂತೆ ಕೂತಿದ್ದ. ಆಮೇಲೆ ತಡೆಯಲಾರದೆ ಹೆಬ್ಬೆರಳು ಆಡಿಸಿದ.

"ಬರ್ ಅಂತಾರ್ರಿ. ಕಟರ್ ಮ್ಯಾಲಿಂದ ಇಳದು ಕೆಳಗ ಹೊಂಟಾಗ ಆ ಮಗ್ಗಲದಾಗ ಸಣ್ಣ ಮುಳ್ಳು ಏಳ್ತಾವು. ಕಲ್ಲಿಲೆ ತಿಕ್ಕಿ ತಗೀತೀವಿ."

"ಆರರದ್ದು ಯಾವ ಮಗ್ಗುಲಲ್ಲಿ ಎದ್ದಿತ್ತು?"

ಅವನು ತಗಡನ್ನು ತಿರುಗಿಸಿದ. ಹಿಂಬದಿಯಲ್ಲಿ ಆರು ಸೀಳುಗಳ ಸುತ್ತ ಕಲ್ಲು ತಿಕ್ಕಿದ ಮಂಕು ಗೆರೆಗಳಿದ್ದವು. ಏಳನೆಯದರ ಸುತ್ತ ತಗಡು ಹೊಸದರಂತೆ ಹೊಳೆಯುತ್ತಿತ್ತು.

"ಆರು ಸೀಳು ಈ ಕಡೆಯಿಂದ ಕೊರೆದದ್ದು," ಎಂದಳು ವೇದವತಿ. "ಏಳನೇದು ಆ ಕಡೆಯಿಂದ. ಅಂದ್ರೆ ಕೆಲಸ ಮುಗಿದು, ಕಲ್ಲು ತಿಕ್ಕಿ ಆದ ಮೇಲೆ ಯಾರೋ ಇದನ್ನ ಮತ್ತೆ ಮಷೀನಿಗೆ ಇಟ್ಟಿದಾರೆ. ಮಗುಚಿ ಇಟ್ಟಿದಾರೆ. ಬೇರೆ ತಗಡಿನ ಸೀಳು ಇದಕ್ಕೆ ಬಂತು ಅಂದ್ರಲ್ಲ, ತಗಡು ತಾನೇ ಮಗುಚಿಕೊಂತಾ?"

ಸಲೀಮ್ ತಗಡನ್ನು ಮೇಜಿನ ಮೇಲಿಟ್ಟ.

"ನಿಮ್ಮ ಸೊಹೈಲ್ ಹೀಗೆ ಮಗುಚಿ ಇಡ್ತಾನಾ?"

"ಸೊಹೈಲ್? ನಿದ್ದಿಗಣ್ಣಾಗೂ ಇಡೂದಿಲ್ರಿ." ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ತಿಳಿಯಿತು. ಕೆಲಸದ ಅಭಿಮಾನ ಬಾಯಿಗೆ ಮೊದಲು ಬಂದಿತ್ತು. "ಈ ಮೂಲಿ ನೋಡ್ರಿ, ಕತ್ರಿಸೇತಿ. ಇದು ಯಾವಾಗಲೂ ನಮ್ಮ ಬಲಗೈ ಕಡೆ ಬರಬೇಕು. ಇಲ್ಲಿ ಕೆಲಸಾ ಮಾಡೂ ಯಾರನ್ನs ಕೇಳ್ರಿ."

"ನೀವೂ ಇಡಲ್ಲ."

"ಇಲ್ಲ."

"ಹಾಗಾದ್ರೆ ಇಟ್ಟೋರು ಯಾರು? ನೀವು ಯಾರನ್ನ ನೋಡಿದ್ರಿ?"

ಸಲೀಮ್ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲನ್ನು ಎಳೆದುಕೊಂಡು ಒಳಗೇ ನಿಂತಳು. ಮಷೀನುಗಳ ಸದ್ದು ದೂರವಾಯಿತು.

"ಏಪ್ರಿಲ್‌ದಾಗ ಒಂದು ಶುಕ್ರವಾರ ಇತ್ರಿ," ಎಂದ. "ನಮಾಜಿಗೆ ಎಲ್ಲಾರೂ ಹೋಗ್ತೀವಿ. ಇಕಿ ಮನಿಗೆ ಹೋಗಿರ್ತಾಳ. ಗುರ್ತಿನ ಮಂದಿ ಮಾಲು ಒಯ್ಯಾಕ ಬರ್ತಾರಂತ ಹಿಂದಿನ ಬಾಗಲಕ್ಕ ಕೀಲಿ ಹಾಕೂದಿಲ್ಲ. ಆವತ್ತು ಮಸೀದಿಯಿಂದ ನಾ ಮುಂದಾಗಿ ಬಂದೆ. ಬಾಗಲದ ಗಾಜಿನ್ಯಾಗಿಂದ ನೋಡಿದ್ರ ನಡುವಿನ ಮಷೀನ್ ನಡದೈತಿ."

"ಮುಂದೆ ಯಾರಿದ್ರು?"

ಅವನು ತಗಡನ್ನು ತನ್ನಿಂದ ದೂರ ಸರಿಸಿದ.

"ಗಾರ್ಗಿ ಬಾಯಾರು."

ವೇದವತಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. ಮತ್ತೆ ಬಿಚ್ಚಿದಳು.

"ಸರಿಯಾಗಿ ನೋಡಿದ್ರಾ?"

"ಕಣ್ಣಿಲೆ ನೋಡೀನ್ರಿ. ಬಟನ್ ಮ್ಯಾಲೆ ಕೈ ಇತ್ತು. ಅವರಿಗೆ ಮಷೀನ್ ನಡಸಾಕ ಬರ್ತೈತಿ, ನಾವs ಕಲಿಸೀವಿ. ಏನೋ ತಮ್ಮ ಕೆಲಸಾ ಮಾಡ್ಕೊಳ್ಳಾಕತ್ತಾರ, ನಾ ಹೋದ್ರ ನಾಚತಾರ ಅಂತ ಹಿಂದಕ್ಕ ಸರದು ಕಾರಿನ್ಯಾಗ ಕುಂತೆ. ತಗಡು ದೊಡ್ಡದೇನಲ್ಲ. ಮಾತೂ ದೊಡ್ಡದಾಗ್ತೈತಿ ಅಂತ ಅವಾಗ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ ಯಾಕೆ ಹೇಳಲಿಲ್ಲ? ಹೇಳದೆ ಇರೋದು ಬಿಡಿ. ಸುಳ್ಳು ಹೇಳಿ ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೊಂಡ್ರಿ?"

ಉತ್ತರ ಅಮೀನಾಳಿಂದ ಬಂತು. "ಋಣಾ ಐತಂತ್ರೀ. ಹೇಳ್ರಿ, ನೀವs ಹೇಳ್ರಿ. ನಾ ಹೇಳಿದ್ರ ಕಡಿಮಿ ಆಗ್ತೈತಿ."

ಸಲೀಮ್ ಹೇಳಿದ. ವೇಧಶಾಲೆಯ ಕೆಲಸ ಮೊದಲು ಸಿಕ್ಕಾಗ ಕೊಟ್ಟ ತಗಡುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವಾಗಿದ್ದವು. ಆಕಾಶದ ನಕ್ಷೆ ಬರೆಯುವವರು ಅಂಗಾತ ಮಲಗಿ ಮೇಲೆ ನೋಡಿದಂತೆ ಬರೆಯುತ್ತಾರೆ. ಅದರಲ್ಲಿ ಪೂರ್ವ ಎಡಕ್ಕೆ. ಮಷೀನಿನ ಮೇಲೆ ತಗಡು ಬೋರಲು ಮಲಗಿರುತ್ತದೆ. ಅಲ್ಲಿ ಎಲ್ಲ ಅದಲು ಬದಲು. ಯಾವ ಮಗ್ಗುಲು ಮೇಲೆ ಎಂದು ನಕ್ಷೆಯಲ್ಲಿ ಯಾರೂ ಬರೆದಿರಲಿಲ್ಲ. ಬೆಟ್ಟದ ಮೇಲೆ ದುರ್ಬೀನಿನ ಒಂದು ಇಡೀ ರಾತ್ರಿ ಹಾಳಾಯಿತು. ಅಂಥ ಒಂದು ರಾತ್ರಿಗೆ ವರ್ಷಗಟ್ಟಲೆ ಕಾಯುವವರಿದ್ದಾರೆ.

"ಮೀಟಿಂಗಿಗೆ ನನ್ನನ್ನ ಕರಸಿದ್ರು. ಗೋರಾ ಮಂದಿ ನಡುವ ನಾನೊಬ್ಬ. ಏನ್ ಹೇಳಬೇಕು ತಿಳೀವಲ್ದು. ಗಾರ್ಗಿ ಬಾಯಾರು ಎದ್ದು ನಿಂತು, ನಕ್ಷೆ ನಂದು, ತಪ್ಪು ನಂದು, ಈ ಅಂಗಡಿಯವರದ್ದಲ್ಲ ಅಂದ್ರು. ಕೆಲಸಕ್ಕ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ ಅವರಿಗೆ. ಆಮ್ಯಾಲೆ ದಿನಾ ಸಂಜೀಕೆ ಬಂದು ಸೊಹೈಲ್ ಕೂಡ ಕುಂತು ಎಲ್ಲಾ ತಿಳಿಸಿಕೊಟ್ರು." ತಗಡಿನ ಕತ್ತರಿಸಿದ ಮೂಲೆಯ ಮೇಲೆ ಬೆರಳಿಟ್ಟ. "ಈ ಮೂಲಿ ಕತ್ರಿಸೂದೂ ಅವರs ಹಾಕಿದ ಪದ್ಧತಿ. ಇದು ಬಲಕ್ಕ ಇದ್ರ ಎಂದೂ ತಪ್ಪೂದಿಲ್ಲ ಸಲೀಮ್ ಭಾಯ್, ಅಂದಿದ್ರು. ಆವತ್ತು ಅವರು ನನ್ನ ತಪ್ಪು ತಗೊಂಡ್ರು. ಇವತ್ತು ನಾ ಅವರದ್ದು ತಗೊಂಡೆ. ಅಷ್ಟs."

"ಅವರು ಕೇಳಿದ್ರಾ ನಿಮ್ಮನ್ನ?"

"ಇಲ್ರಿ. ನಾ ನೋಡಿದ್ದು ಸುದ್ದಾ ಅವರಿಗೆ ಗೊತ್ತಿಲ್ಲ."

ಶೆಡ್ಡಿನ ಹಿಂದೆ ಉಪ್ಪಿನ ಲಾರಿಯೊಂದು ಸದ್ದು ಮಾಡುತ್ತ ಹೋಯಿತು. ವೇದವತಿ ತಗಡನ್ನೇ ನೋಡುತ್ತ ಕೂತಳು. ಒಂದು ವಾರದಿಂದ ಗಾರ್ಗಿ ತನ್ನೆದುರು ಅತ್ತದ್ದು, ನಾನು ಆರೇ ಕೊಟ್ಟದ್ದು ಕಣೇ ಎಂದು ಕೈ ಹಿಡಿದುಕೊಂಡದ್ದು, ಎಲ್ಲವೂ ಈಗ ಬೇರೆ ಬಣ್ಣದಲ್ಲಿ ಕಾಣತೊಡಗಿತ್ತು. ಎಷ್ಟೋ ಜನರ ಸುಳ್ಳು ಬಯೋಡೇಟಾ ಹಿಡಿದವಳು ಪಕ್ಕದ ಮನೆಯವಳ ಮಾತನ್ನು ಪರೀಕ್ಷಿಸದೆ ನಂಬಿದ್ದಳು.

ಆದರೆ ಏನೋ ಕೂಡಲಿಲ್ಲ.

ತಗಡನ್ನು ಎತ್ತಿ ಮೇಜಿನ ಮೇಲೆ ಮೊದಲು ಸೊಹೈಲ್ ಇಡುವಂತೆ ಇಟ್ಟಳು, ಕತ್ತರಿಸಿದ ಮೂಲೆ ಬಲಕ್ಕೆ. ಆಮೇಲೆ ಮಗುಚಿದಳು. ಮೂಲೆ ಎಡಕ್ಕೆ ಬಂತು.

"ಸಲೀಮಣ್ಣ, ಆಕಾಶದ ನಕ್ಷೆಯೊಂದನ್ನ ಕೈಯಲ್ಲಿ ಹಿಡಕೊಂಡು, ಮಷೀನಿನ ಸಂಗತಿ ಏನೂ ಗೊತ್ತಿಲ್ಲದೋರು ಬಂದ್ರೆ, ತಗಡನ್ನ ಹೇಗೆ ಇಡ್ತಾರೆ?"

"ನಕ್ಷಾಕ್ಕ ಹೊಂದೂ ಹಂಗ ಇಡ್ತಾರ."

"ಅಂದ್ರೆ ಮಗುಚಿ."

"ಹೌದು." ಸಲೀಮನ ಹುಬ್ಬು ಕೂಡಿತು.

"ಮೂಲೆ ಕತ್ತರಿಸೋ ಪದ್ಧತಿ ಹಾಕಿದ್ದೇ ಗಾರ್ಗಿ. ನಿಮ್ಮ ಸೊಹೈಲ್‌ಗೇ ಕಲಿಸಿದೋಳು. ಅವಳು ಹೀಗೆ ಮಗುಚಿ ಇಡ್ತಾಳಾ?"

ಸಲೀಮ್ ಕತ್ತರಿಸಿದ ಮೂಲೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಅಮೀನಾ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದಳು.

"ನಿಮ್ಗೆ ಕಂಡದ್ದು ಅವಳೊಬ್ಬಳೇನಾ? ಮಷೀನಿನ ಆ ಪಕ್ಕ ಯಾರಾದ್ರೂ ಇದ್ರಾ?"

"ಆ ಪಕ್ಕ ನನಗ ಕಾಣೂದಿಲ್ರಿ. ಮಷೀನಿನ ಮುಚ್ಚಳಾ ಅಡ್ಡ ಬರ್ತೈತಿ."

ಆಗಲೇ ವೇದವತಿಯ ಕೈಚೀಲದಲ್ಲಿ ಸೆಲ್ ಫೋನು ಬಡಿದುಕೊಂಡಿತು. ಗಾರ್ಗಿ.

"ವೇದಾ, ಎಲ್ಲಿದೀಯಾ? ಕ್ಯಾನ್ಸಲ್ ಆಯ್ತು ಕಣೇ. ಸೋಮವಾರದ ಹಿಯರಿಂಗೇ ಇಲ್ಲ. ಈಗಷ್ಟೇ ಹೇಳಿದ್ರು. ವರ್ಕ್‌ಶಾಪಿನೋರು ತಮ್ಮದೇ ತಪ್ಪು ಅಂತ ಒಪ್ಕೊಂಡ್ರಂತೆ." ಅವಳ ಧ್ವನಿಯಲ್ಲಿ ನಗುವಿತ್ತು, ಅವಸರವೂ ಇತ್ತು. "ಅವರು ಯಾಕೆ ಹಾಗೆ ಹೇಳಿದ್ರೋ ನಂಗೆ ಅರ್ಥಾನೇ ಆಗ್ತಿಲ್ಲ. ನೀನು ಹೇಳಿಸಿದ್ಯಾ?"

"ಇಲ್ಲ."

"ಇರ್ಲಿ ಬಿಡು. ಇನ್ನು ನೀನು ಏನೂ ಹುಡುಕೋದು ಬೇಡ. ಸಾಕು. ಮನೆಗೆ ಬಾ."

ಸಲೀಮನೂ ಅಮೀನಾಳೂ ವೇದವತಿಯ ಮುಖ ನೋಡುತ್ತಿದ್ದರು.

"ಗಾರ್ಗಿ, ಒಂದು ಕೇಳ್ತೀನಿ. ಏಪ್ರಿಲ್‌ನಲ್ಲಿ ಒಂದು ಶುಕ್ರವಾರ, ಇವರೆಲ್ಲ ನಮಾಜಿಗೆ ಹೋಗಿದ್ದಾಗ, ಮಷೀನಿನ ಮೇಲೆ ಆ ತಗಡು ಇಟ್ಟಿದ್ದು ಯಾರು?"

ಫೋನಿನ ಆ ತುದಿಯಲ್ಲಿ ಕೀಬೋರ್ಡಿನ ಟಕಟಕ ಕೇಳುತ್ತಿತ್ತು. ಯಾರೋ ಕುರ್ಚಿ ಸರಿಸಿದರು.

"ನಾನು ಇಡಲಿಲ್ಲ," ಎಂದಳು ಗಾರ್ಗಿ. ಧ್ವನಿ ಬಹಳ ಸಣ್ಣದಾಗಿತ್ತು. "ಬಟನ್ ಒತ್ತಿದ್ದು ನಾನು. ಅಷ್ಟೇ."

"ಇಟ್ಟಿದ್ದು ಯಾರು?"

"ಈಗ ಬೇಡ ವೇದಾ." ಆಮೇಲೆ ತುಟಿ ಅಲುಗಿಸದೆ ಹೇಳಿದಂತೆ, "ಅವರು ಇಲ್ಲೇ ಇದಾರೆ. ನನ್ನ ಪಕ್ಕದಲ್ಲೇ."

ಫೋನು ಕಟ್ಟಾಯಿತು. ವರ್ಕ್‌ಶಾಪು ಎಲ್ಲಿದೆ ಅಂತಾನೂ ಗೊತ್ತಿಲ್ಲ ಎಂದಿದ್ದ ಅರವಿಂದನ ಮಾತು ವೇದವತಿಗೆ ನೆನಪಾಯಿತು.

ವೇದವತಿ ಎದ್ದಳು. ತಗಡನ್ನು ಅವಸರದಿಂದ ಬಟ್ಟೆಯಲ್ಲಿ ಸುತ್ತಿದಳು. ಸಲೀಮನೂ ಎದ್ದು ನಿಂತ. ಅವನಿಗೆ ಕೇಳಿದ್ದು ಈ ಕಡೆಯ ಮಾತು ಮಾತ್ರ.

"ಬಾಯಾರು ಏನಂದ್ರು? ಮೀಟಿಂಗ್ ನಿಂತತೇನ್ರಿ?"

"ನಿಂತಿತು."

"ಅವರ ಕೆಲಸಾ ಉಳೀತು?"

"ಉಳೀತು."

"ಹಂಗಾದ್ರ ನಂದು ತೀರಿತು," ಎಂದ ಸಲೀಮ್. ಅವನ ಮುಖ ಬೆಳಗಿನಿಂದ ಮೊದಲ ಬಾರಿಗೆ ಹಗುರವಾಯಿತು. ಕನ್ನಡಕವನ್ನು ಹಣೆಗೇರಿಸಿಕೊಂಡು ಮಷೀನುಗಳ ಕಡೆ ಹೊರಟ.

ತೀರಿದ್ದು ಯಾರ ಋಣವೆಂದು ವೇದವತಿ ಅವನಿಗೆ ಹೇಳಲಿಲ್ಲ. ಅವನ ಹನ್ನೆರಡು ವರ್ಷದ ಹೆಸರು ಗಾರ್ಗಿಗೆ ಸಂದಿತ್ತೋ, ಈಗ ಅವಳ ಪಕ್ಕದಲ್ಲಿ ಕೂತಿರುವವರಿಗೆ ಸಂದಿತ್ತೋ, ಅವಳಿಗೂ ತಿಳಿದಿರಲಿಲ್ಲ. ಅಮೀನಾ ಮಾತ್ರ ಬಾಗಿಲಿಗೆ ಅಡ್ಡ ನಿಂತು, ಅವಳ ಕೈಯಲ್ಲಿದ್ದ ಗಂಟನ್ನೇ ನೋಡುತ್ತ, ಗಂಡನಿಗೆ ಕೇಳದಂತೆ ಕೇಳಿದಳು:

"ಅಕ್ಕಾರ, ನಾವು ಯಾರ ಮನೀ ಉಳಸಿದ್ವಿ?"